ಎರೆಹುಳುವಿಗೆ ಏನು ಹಾಕಬೇಕು, ಏನು ಹಾಕಬಾರದು

ಎರೆಹುಳುವಿಗೆ ಹಲ್ಲಿಲ್ಲ. ಸೂಕ್ಷ್ಮಜೀವಿಗಳು ಮೆತ್ತಗಾಗಿಸಿದ ಕಸವನ್ನು ಅವುಗಳ ಸಮೇತ ನುಂಗಿ, ಒಳಗಿನ ಮರಳಿನ ಕಣಗಳ ನೆರವಿನಿಂದ ಅರೆದು ಹಿಕ್ಕೆಯಾಗಿ ಹೊರಹಾಕುತ್ತದೆ. ಎರೆಗೊಬ್ಬರ ಅಂದರೆ ಬಹುಪಾಲು ಆ ಹಿಕ್ಕೆಯೇ. ಹಾಗಾಗಿ ಅರೆಕೊಳೆತ ಮೇವನ್ನೇ ಕೊಡಬೇಕು.

ಎಷ್ಟೋ ಎರೆಗೊಬ್ಬರದ ತೊಟ್ಟಿಗಳು ಹಾಳಾಗುವುದು ಹಸಿ ಸಗಣಿಯಿಂದ. ಅದು ಬಿಸಿಯೇರಿ ಹುಳುಗಳನ್ನು ಕೊಲ್ಲುತ್ತದೆ. 15–20 ದಿನ ನೆರಳಲ್ಲಿಟ್ಟು, ನಡುವೆ ಎರಡು ಸಲ ಮಗುಚಿ, ಒಳಗೆ ಕೈಯಿಟ್ಟರೆ ತಣ್ಣಗಿದ್ದಾಗ ಮಾತ್ರ ಬಳಸಿ. ತಳಕ್ಕೆ ತೆಂಗಿನ ನಾರು ಹಾಸಿ, ಮೇಲೆ ಸಗಣಿ ಮತ್ತು ಒಣ ಎಲೆಯನ್ನು ಸಮಪಾಲು ಬೆರೆಸಿ ಹಾಕಿ.

ಒಂದು ಕಿಲೋ ಹುಳುವಿಗೆ ದಿನಕ್ಕೆ ಸುಮಾರು ಅರ್ಧ ಕಿಲೋ ಮೇವು ಸಾಕು; ಮೊದಲ ವಾರ ಅದರಲ್ಲೂ ಅರ್ಧ. ಬಾಳೆಹಣ್ಣಿನ ಸಿಪ್ಪೆ, ತರಕಾರಿ ಕಸ, ಕಾಫಿ ಚರಟ ಆಗುತ್ತದೆ. ನಿಂಬೆ ಸಿಪ್ಪೆ, ಈರುಳ್ಳಿ, ಮಾಂಸ, ಉಪ್ಪು-ಎಣ್ಣೆ ಬಿದ್ದ ಅಡುಗೆ ಬೇಡ. ಮಿಕ್ಕ ಸಾರನ್ನೂ ಸುರಿಯಬೇಡಿ!

ಮುಷ್ಟಿಯಲ್ಲಿ ಹಿಂಡಿದರೆ ಒಂದೆರಡು ಹನಿ ಬರುವಷ್ಟು ತೇವವಿರಲಿ. ಹುಳಿ ವಾಸನೆ ಬಂದು ಹುಳುಗಳು ಗೋಡೆ ಹತ್ತಿದರೆ ಮೇವೋ ನೀರೋ ಅತಿಯಾಗಿದೆ: ಎರಡನ್ನೂ ನಿಲ್ಲಿಸಿ, ಒಣ ಎಲೆ ಬೆರೆಸಿ. ಇರುವೆ ಮುತ್ತಿದರೆ ಸಾಮಾನ್ಯವಾಗಿ ತೊಟ್ಟಿ ಒಣಗಿದೆ ಎಂದರ್ಥ.

ಮೇಲ್ಪದರ ಚಹಾಪುಡಿಯಂತಾದಾಗ ನಾಲ್ಕೈದು ದಿನ ನೀರು ನಿಲ್ಲಿಸಿ. ಹುಳುಗಳು ಕೆಳಗಿಳಿಯುತ್ತವೆ; ಮೇಲಿನ ಗೊಬ್ಬರ ಕೆರೆದುಕೊಳ್ಳಿ.