ಕಲಬುರಗಿ ಬಿಸಿಲಲ್ಲಿ ಹಳೆಯ ರೆಡ್ ವೈನ್: ಕಾಪಿಡುವುದು, ತೆರೆಯುವುದು, ಸವಿಯುವುದು

ವೈನ್ ಬಗ್ಗೆ ಏನೇ ಓದಿದರೂ ಮೊದಲು ಸಿಗುವ ಸಲಹೆ ಒಂದೇ: ನೆಲಮಾಳಿಗೆಯಲ್ಲಿಡಿ. ಕಲಬುರಗಿಯಲ್ಲಿ ಇದನ್ನು ನಂಬಿದರೆ ಒಳ್ಳೆಯ ಬಾಟಲಿ ಕೈತಪ್ಪುತ್ತದೆ. ಮೂರ್ನಾಲ್ಕು ಮೀಟರ್ ಆಳದ ನೆಲದ ಉಷ್ಣಾಂಶ ಆ ಊರಿನ ವರ್ಷದ ಸರಾಸರಿಯ ಹತ್ತಿರವೇ ನಿಲ್ಲುತ್ತದೆ. ಫ್ರಾನ್ಸಿನ ವೈನ್ ಸೀಮೆ ಬೋರ್ಡೋದಲ್ಲಿ ಅದು 13–14 ಡಿಗ್ರಿ, ಹಾಗಾಗಿ ಅಲ್ಲಿನ ನೆಲದಡಿಯ ಕೋಣೆ ತಾನಾಗಿಯೇ ವೈನಿಗೆ ಒಗ್ಗುತ್ತದೆ. ನಮ್ಮಲ್ಲಿ ಅದು 26–27ರ ಆಸುಪಾಸು. ಜೋಳ ಕಾಪಾಡುತ್ತಿದ್ದ ಹಗೇವು, ದಪ್ಪ ಗೋಡೆಯ ಹಳೆಯ ಮನೆಯ ಒಳಕೋಣೆ, ಶಹಾಬಾದ್ ಪರ್ಸಿ ಹಾಸಿದ ನೆಲ ಇವೆಲ್ಲ ಉಷ್ಣಾಂಶದ ಏರಿಳಿತವನ್ನು ತಡೆಯುತ್ತವೆ, ಆದರೆ ವೈನಿಗೆ ಬೇಕಾದಷ್ಟು ತಂಪು ಕೊಡುವುದಿಲ್ಲ. ಒಂದು ಚಳಿಗಾಲ ಕಳೆಯಲು ಅವು ಸಾಕು, ಹತ್ತು ವರ್ಷಕ್ಕೆ ಸಾಲವು.

ವೈನ್ ಹಳೆಯದಾಗುವುದು ಬೇರೆ, ಹದಕ್ಕೆ ಬರುವುದು ಬೇರೆ. 12–14 ಡಿಗ್ರಿಯಲ್ಲಿ ಮಲಗಿಸಿಟ್ಟ ಬಾಟಲಿಯೊಳಗೆ ಟ್ಯಾನಿನ್, ಅಂದರೆ ಕಡು ಚಹಾ ಕುಡಿದಾಗ ನಾಲಿಗೆಯನ್ನು ಹಿಡಿಯುವ ಆ ಒಗರು, ಬಣ್ಣದ ಕಣಗಳ ಜೊತೆ ಮೆಲ್ಲಗೆ ಹೆಣೆದುಕೊಂಡು ಭಾರವಾಗಿ ತಳಕ್ಕೆ ಇಳಿಯುತ್ತದೆ. ಅದೇ ಗಸಿ. ಒಗರು ಮೆತ್ತಗಾಗುತ್ತದೆ, ಹಸಿ ಹಣ್ಣಿನ ವಾಸನೆ ಹೋಗಿ ಒಣಹಣ್ಣು, ತೊಗಲು, ತಂಬಾಕಿನ ವಾಸನೆ ಬರುತ್ತದೆ. ಕಾವು 10 ಡಿಗ್ರಿ ಏರಿದರೆ ಇಂಥ ರಾಸಾಯನಿಕ ಕ್ರಿಯೆಗಳು ಸುಮಾರು ಎರಡು ಪಟ್ಟು ವೇಗವಾಗುತ್ತವೆ. ತೊಂದರೆ ಏನೆಂದರೆ ಎಲ್ಲವೂ ಒಂದೇ ವೇಗದಲ್ಲಿ ಓಡುವುದಿಲ್ಲ. ಒಗರು ಇಳಿಯುವ ಮೊದಲೇ ಹಣ್ಣಿನ ರುಚಿ ಬೆಂದುಹೋಗುತ್ತದೆ. ಮೇ ತಿಂಗಳ 40–42 ಡಿಗ್ರಿಯ ಕೋಣೆಯಲ್ಲಿ ಮೂರು ವಾರ ಇಟ್ಟ ಬಾಟಲಿಗೆ ವಯಸ್ಸಾಗಿರುತ್ತದೆ, ಹದ ಬಂದಿರುವುದಿಲ್ಲ.

ಇನ್ನೊಂದು ತಪ್ಪು ತಿಳಿವಳಿಕೆ, ಯಾವ ವೈನಾದರೂ ಇಟ್ಟಷ್ಟೂ ಚೆನ್ನಾಗುತ್ತದೆ ಎಂಬುದು. ಅಂಗಡಿಯಲ್ಲಿ ಸಿಗುವ ಬಹುಪಾಲು ರೆಡ್ ವೈನ್‌ಗಳು ಎರಡು ಮೂರು ವರ್ಷದೊಳಗೆ ಕುಡಿಯಲೆಂದೇ ಮಾಡಿದವು. ಇಟ್ಟು ಕಾಯಲು ಒಗರು, ಹುಳಿ, ಗಟ್ಟಿ ಹಣ್ಣಿನ ರುಚಿ ಮೂರೂ ಒಟ್ಟಿಗಿರಬೇಕು. ನಮ್ಮ ದೇಶದವುಗಳಲ್ಲಿ ಹಂಪಿ ಬೆಟ್ಟಗಳ ಕೃಷ್ಮಾ ಕ್ಯಾಬರ್ನೆ, ಸೋಲಾಪುರ ಜಿಲ್ಲೆಯ ಅಕ್ಲೂಜಿನ ಫ್ರಾಟೆಲ್ಲಿಯವರ ಸೆಟ್ಟೆ, ನಂದಿ ಬೆಟ್ಟದ ಗ್ರೋವರ್‌ನವರ ಲಾ ರಿಸರ್ವ್ ಇಂಥ ಪ್ರಯತ್ನಕ್ಕೆ ತಕ್ಕವು. ಐದರಿಂದ ಎಂಟು ವರ್ಷದೊಳಗೆ ತೆರೆದುಬಿಡಿ. ಹೊರಗಿನದ್ದಾದರೆ ಸ್ಪೇನಿನ ರಿಯೋಹಾ ಗ್ರಾನ್ ರಿಸರ್ವಾ ಹೊಸಬರಿಗೆ ಅನುಕೂಲ. ಎರಡು ವರ್ಷ ಮರದ ಪೀಪಾಯಿಯೂ ಸೇರಿ ಒಟ್ಟು ಐದು ವರ್ಷ ತಯಾರಕರೇ ಹದಮಾಡಿ ಮಾರುಕಟ್ಟೆಗೆ ಬಿಡಬೇಕೆಂಬುದು ಅಲ್ಲಿನ ನಿಯಮ. ಕಾಯುವ ಕೆಲಸದ ದೊಡ್ಡ ಪಾಲನ್ನು ಅವರೇ ಮುಗಿಸಿರುತ್ತಾರೆ.

ಕೊಳ್ಳುವುದು ನವೆಂಬರ್‌ನಿಂದ ಫೆಬ್ರವರಿಯೊಳಗೆ. ಗಾಜಿನ ಶೋಕೇಸಿನಲ್ಲಿ ಬಿಸಿಲಿಗೆ ನಿಂತ ಬಾಟಲಿ ಎಷ್ಟೇ ಅಗ್ಗವಿದ್ದರೂ ಬೇಡ. ಕೈಯಲ್ಲಿ ಹಿಡಿದಾಗ ಮೂರು ಗುರುತು ನೋಡಿ. ಕಾರ್ಕ್ ಬಾಟಲಿ ಬಾಯಿಗಿಂತ ಮೇಲೆ ಉಬ್ಬಿದೆಯೇ? ಮುಚ್ಚಳದ ಹಾಳೆಯ ಕೆಳಗೆ ಅಂಟು ಜಿನುಗಿದ ಕಲೆ ಇದೆಯೇ? ವೈನ್ ಕತ್ತಿನಿಂದ ಕೆಳಗೆ, ಭುಜದವರೆಗೆ ಇಳಿದಿದೆಯೇ? ಇಪ್ಪತ್ತು ವರ್ಷದ ಬಾಟಲಿಯಲ್ಲಿ ಭುಜದ ಮೇಲ್ತುದಿಗೆ ಇಳಿದಿದ್ದರೆ ಸಹಜ, ಐದು ವರ್ಷದ್ದರಲ್ಲಿ ಅಷ್ಟು ಇಳಿದಿದ್ದರೆ ಅದು ಎಲ್ಲೋ ಕಾದಿದೆ. ಹೈದರಾಬಾದಿನಿಂದಲೋ ಸೋಲಾಪುರದಿಂದಲೋ ಕಾರಿನ ಡಿಕ್ಕಿಯಲ್ಲಿ ಹಗಲು ಹೊತ್ತು ತರುವವರು ದಾರಿಯಲ್ಲೇ ಅದನ್ನು ಕೊಂದಿರುತ್ತಾರೆ. ಏಸಿ ಹಾಕಿದ ಸೀಟಿನ ಜಾಗದಲ್ಲಿ, ಬೆಳಗಿನ ಜಾವ ತನ್ನಿ. ತಂದ ಮೇಲೆ ಎರಡು ವಾರ ಅಲುಗಾಡಿಸದೆ ಬಿಡಿ.

ನಾಲ್ಕು ಬೇಸಿಗೆ ದಾಟಿಸಬೇಕೆಂದರೆ ವೈನ್ ಫ್ರಿಜ್ಜಿಗೆ ಬದಲಿಯಿಲ್ಲ. ಇದರಲ್ಲಿ ಎರಡು ಬಗೆ. ಸದ್ದಿಲ್ಲದ, ಅಗ್ಗದ ಥರ್ಮೋಎಲೆಕ್ಟ್ರಿಕ್ ಪೆಟ್ಟಿಗೆ ಕೋಣೆಗಿಂತ ಹೆಚ್ಚೆಂದರೆ 12–15 ಡಿಗ್ರಿ ಮಾತ್ರ ತಂಪು ಮಾಡಬಲ್ಲದು. ಕೋಣೆ 38 ಇದ್ದರೆ ಒಳಗೆ 24. ಬೆಂಗಳೂರಿನಲ್ಲಿ ನಡೆದೀತು, ಇಲ್ಲಿ ದಂಡ. ಕಂಪ್ರೆಸರ್ ಇರುವುದನ್ನೇ ಕೊಳ್ಳಿ, ಅದರಲ್ಲೂ ಹಿಂಬದಿಯ ಪಟ್ಟಿಯಲ್ಲಿ ಹವಾಮಾನ ದರ್ಜೆ ‘ಟಿ’ ಎಂದಿರಬೇಕು. ಹೊರಗೆ 43 ಡಿಗ್ರಿ ಇರುವ ತನಕ ಅದು ತಾಳುತ್ತದೆ. ‘ಎನ್’ ದರ್ಜೆ 32ಕ್ಕೇ ನಿಂತುಬಿಡುತ್ತದೆ. ಪಶ್ಚಿಮದ ಗೋಡೆಗೆ ತಾಗಿಸಬೇಡಿ, ಹಿಂದೆ ಒಂದು ಗೇಣು ಜಾಗ ಬಿಡಿ, ಇನ್ವರ್ಟರಿಗೆ ಜೋಡಿಸಿ. ಪೆಟ್ಟಿಗೆ ತುಂಬಿದ್ದಷ್ಟೂ ಒಳ್ಳೆಯದು, ಬಾಟಲಿ ಕಡಿಮೆಯಿದ್ದರೆ ನೀರು ತುಂಬಿದ ಬಾಟಲಿ ಇಟ್ಟು ತುಂಬಿಸಿ. ಕರೆಂಟು ಹೋದಾಗ ಬಾಗಿಲು ತೆರೆಯದಿದ್ದರೆ ಕೆಲವು ಗಂಟೆ ಕಾವು ನಿಧಾನಕ್ಕೆ ಏರುತ್ತದೆ. ಒಳಗೆ ಗಾಳಿಯ ಉಷ್ಣಾಂಶ ನೋಡಿ ಮೋಸಹೋಗಬೇಡಿ. ಥರ್ಮಾಮೀಟರಿನ ತಂತಿಯನ್ನು ನೀರಿನ ಬಾಟಲಿಯೊಳಗೆ ಇಳಿಸಿದರೆ ವೈನಿಗೆ ಎಷ್ಟು ತಟ್ಟಿದೆ ಎಂಬುದು ಸರಿಯಾಗಿ ತಿಳಿಯುತ್ತದೆ.

ನೀರು ತುಂಬಿಸಿ ಓಡಿಸುವ ಏರ್ ಕೂಲರ್ ಇಟ್ಟ ಕೋಣೆ ಬೇಡ. ಲೇಬಲ್ ಬೂಸ್ಟು ಹಿಡಿಯುತ್ತದೆ. ಅಡುಗೆಮನೆಯ ಫ್ರಿಜ್ಜು 4 ಡಿಗ್ರಿ, ಒಣಗಾಳಿ. ಕಾರ್ಕ್ ಒಣಗುವುದರಿಂದ ವರ್ಷಗಟ್ಟಲೆ ಆಗದು, ಆದರೆ ಏಪ್ರಿಲ್‌ನಿಂದ ಜೂನ್ ತನಕ ತರಕಾರಿ ಡಬ್ಬಿಯಲ್ಲಿ ಮಲಗಿಸಿಡುವುದು ಸುಡುವ ಕೋಣೆಗಿಂತ ಎಷ್ಟೋ ವಾಸಿ. ಒಂದೇ ವೈನಿನ ಆರು ಬಾಟಲಿ ಕೊಂಡು ವರ್ಷಕ್ಕೊಂದು ತೆರೆದು ರುಚಿ ಬರೆದಿಡಿ. ಹದ ಗೊತ್ತಾಗುವ ದಾರಿ ಅದೊಂದೇ.

ತೆರೆಯುವ ದಿನ

ಎರಡು ದಿನ ಮೊದಲೇ ಬಾಟಲಿಯನ್ನು ನೆಟ್ಟಗೆ ನಿಲ್ಲಿಸಿ, ಗಸಿ ತಳಕ್ಕೆ ಇಳಿಯಲಿ. ಫ್ರಿಜ್ಜಿನ ಬಾಗಿಲಲ್ಲಿ ನಿಲ್ಲಿಸಬೇಡಿ, ತೆರೆದು ಮುಚ್ಚುವಾಗಲೆಲ್ಲ ಕದಡುತ್ತದೆ. ‘ಕೋಣೆಯ ಉಷ್ಣಾಂಶದಲ್ಲಿ ಬಡಿಸಿ’ ಎಂಬ ಮಾತು ಯುರೋಪಿನ ತಣ್ಣನೆಯ ಮನೆಗಳದ್ದು, ಅಂದರೆ 16–18 ಡಿಗ್ರಿ. ಅದಕ್ಕಿಂತ ಬಿಸಿಯಾದರೆ ಸ್ಪಿರಿಟ್ ವಾಸನೆ ಮುಂದೆ ಬಂದು ಉಳಿದೆಲ್ಲ ಮುಚ್ಚಿಹೋಗುತ್ತದೆ. 30 ಡಿಗ್ರಿಯ ಬಾಟಲಿಯನ್ನು ಅರ್ಧ ನೀರು ಅರ್ಧ ಐಸಿನ ಬಕೆಟ್ಟಿನಲ್ಲಿ ಕುತ್ತಿಗೆವರೆಗೆ ಇಳಿಸಿದರೆ ಹನ್ನೆರಡರಿಂದ ಹದಿನೈದು ನಿಮಿಷ ಸಾಕು. ಬರೀ ಐಸಾದರೆ ಗಾಜಿಗೆ ಸರಿಯಾಗಿ ತಾಗದು, ಹೆಚ್ಚು ಹೊತ್ತು ಬೇಕು.

ಮುಚ್ಚಳದ ಹಾಳೆಯನ್ನು ತುಟಿಯ ಕೆಳಗಿನ ಅಂಚಿನಲ್ಲಿ ಕತ್ತರಿಸಿ, ಬಾಯಿಯನ್ನು ಒದ್ದೆ ಬಟ್ಟೆಯಿಂದ ಒರೆಸಿ. ಹದಿನೈದು ವರ್ಷ ದಾಟಿದ ಕಾರ್ಕ್ ಒದ್ದೆ ರಸ್ಕಿನ ಹಾಗೆ ಮೆತ್ತಗಿರುತ್ತದೆ. ತಿರುಪು ಹಾಕಿದರೆ ನಡುವೆ ತೂತಾಗಿ ಪುಡಿಯಾಗುತ್ತದೆ. ಇದಕ್ಕೆ ಎರಡು ತೆಳು ತಗಡಿನ ಕಾಲುಳ್ಳ ಸಾಧನವೇ ಸರಿ. ಉದ್ದದ ಕಾಲನ್ನು ಮೊದಲು ಕಾರ್ಕಿಗೂ ಗಾಜಿಗೂ ನಡುವೆ ತೂರಿಸಿ, ಆಮೇಲೆ ಗಿಡ್ಡ ಕಾಲು. ಎಡಬಲಕ್ಕೆ ಆಡಿಸುತ್ತ ಕೆಳಗಿಳಿಸಿ. ಒತ್ತಿದರೆ ಕಾರ್ಕ್ ಒಳಗೆ ಬೀಳುತ್ತದೆ, ಆಡಿಸಿದರೆ ಬೀಳುವುದಿಲ್ಲ. ಪೂರ್ತಿ ಇಳಿದ ಮೇಲೆ ತಿರುಗಿಸುತ್ತ ಮೇಲೆತ್ತಿ. ಆದರೂ ಮುರಿದರೆ ಉಳಿದ ತುಂಡನ್ನು ಒಳಗೆ ತಳ್ಳಿ, ಸೋಪು ಹಾಕದೆ ತೊಳೆದ ತೆಳು ಮಲ್ ಬಟ್ಟೆಯಲ್ಲಿ ಸೋಸಿ. ವೈನಿಗೆ ಏನೂ ಆಗದು.

ಈಗ ಗಸಿ ಬೇರ್ಪಡಿಸುವುದು. ಮೇಜಿನ ಮೇಲೆ ಮೇಣದಬತ್ತಿ ಅಥವಾ ಮೊಬೈಲ್ ಟಾರ್ಚ್ ಇಟ್ಟು, ಅದರ ಬೆಳಕು ಬಾಟಲಿಯ ಭುಜದೊಳಗಿಂದ ಕಾಣುವಂತೆ ಹಿಡಿದು ಗಾಜಿನ ಹೂಜಿಗೆ ಒಂದೇ ಧಾರೆಯಲ್ಲಿ ಸುರಿಯಿರಿ. ನಡುವೆ ನಿಲ್ಲಿಸಿದರೆ ಅಲೆ ಎದ್ದು ಎಲ್ಲ ಕದಡುತ್ತದೆ. ಮೊದಲು ಹೊಗೆಯ ಎಳೆಯಂತೆ, ಆಮೇಲೆ ಕರಿ ಪುಡಿಯಾಗಿ ಗಸಿ ಭುಜಕ್ಕೆ ಹರಿದು ಬರುವುದು ಕಾಣುತ್ತದೆ. ಆ ಕ್ಷಣಕ್ಕೆ ನಿಲ್ಲಿಸಿ. ತಳದಲ್ಲಿ 40 ಮಿಲಿಯಷ್ಟು ಉಳಿಯುತ್ತದೆ, ಉಳಿಯಲಿ. ಬೀದರಿನ ಬಿದರಿ ಸುರಾಹಿ ಮನೆಯಲ್ಲಿದ್ದರೆ ಅದರಲ್ಲಿ ಸುರಿಯುವ ಆಸೆ ಬರುತ್ತದೆ. ಬೇಡ. ಬಿದರಿಯ ಲೋಹದಲ್ಲಿ ಬಹುಪಾಲು ಸತುವೇ. ವೈನಿನ ಹುಳಿ ಸತುವನ್ನು ಕರಗಿಸುತ್ತದೆ, ಕುಡಿದವರ ಹೊಟ್ಟೆಗೂ ಕೇಡು, ಕಲಾವಿದರು ಕೆತ್ತಿ ಬೆಳ್ಳಿ ಕೂರಿಸಿದ ಪಾತ್ರೆಗೂ ಕೇಡು. ಅದು ಮೇಜಿನ ಮೇಲೆ ಪಕ್ಕದಲ್ಲಿರಲಿ.

ಗಾಳಿಯಾಡಿಸುವುದು ವಯಸ್ಸಿಗೆ ತಕ್ಕಂತೆ. ಐದು ವರ್ಷದ ಗಡಸು ವೈನಿಗೆ ಎರಡು ಗಂಟೆ, ಹತ್ತು ವರ್ಷದ್ದಕ್ಕೆ ಅರ್ಧ ಗಂಟೆ, ಇಪ್ಪತ್ತು ದಾಟಿದ್ದನ್ನು ಸುರಿದ ಕೂಡಲೇ ಬಡಿಸಬೇಕು. ಮುದಿ ವೈನಿನ ಪರಿಮಳ ಒಂದು ಗಂಟೆಯಲ್ಲಿ ಆರಿಹೋಗುವುದೂ ಉಂಟು.

ದೊಡ್ಡ ಹೊಟ್ಟೆಯ ಗ್ಲಾಸಿಗೆ ಒಂದು ಸಲಕ್ಕೆ 60 ಮಿಲಿ ಮಾತ್ರ ಹಾಕಿ. ನಮ್ಮ ಸೆಕೆಯಲ್ಲಿ ಹೆಚ್ಚು ಹಾಕಿದರೆ ಮುಗಿಯುವ ಮೊದಲೇ ಬಿಸಿಯಾಗುತ್ತದೆ. ಬಿಳಿ ಕಾಗದದ ಮೇಲೆ ವಾಲಿಸಿ ಅಂಚು ನೋಡಿ. ಇಟ್ಟಿಗೆ ಬಣ್ಣ ಹದದ ಗುರುತು, ನಡುವೆಯೂ ಕಂದು ಆವರಿಸಿದ್ದರೆ ಕಾಲ ಮೀರಿದೆ. ಅಲುಗಿಸದೆ ಒಮ್ಮೆ, ತಿರುಗಿಸಿ ಒಮ್ಮೆ ಮೂಸಿ. ಉತ್ತತ್ತಿ, ಹಳೆಯ ತೊಗಲು, ಮೊದಲ ಮಳೆಗೆ ನೆನೆದ ಎರೆ ಮಣ್ಣು ಸಿಕ್ಕರೆ ಬಾಟಲಿ ಸುಖವಾಗಿ ಬಾಳಿದೆ. ಒದ್ದೆ ಗೋಣಿಚೀಲದ ವಾಸನೆ ಬಂದರೆ ಕಾರ್ಕಿನಿಂದ ತಗುಲಿದ ಟಿಸಿಎ ಎಂಬ ರಾಸಾಯನಿಕದ ದೋಷ, ಎಷ್ಟು ಹೊತ್ತು ಬಿಟ್ಟರೂ ಹೋಗದು. ಬೆಂದ ಜಾಮಿನ ವಾಸನೆ ಬಿಸಿಲಿನದ್ದು. ಸುಟ್ಟ ಬೆಂಕಿಕಡ್ಡಿಯದ್ದಾದರೆ ಕಾಯಿರಿ, ಹತ್ತು ನಿಮಿಷದಲ್ಲಿ ಹೋಗಬಹುದು. ಬಾಯಲ್ಲಿ ಹತ್ತು ಸೆಕೆಂಡು ಆಡಿಸಿ ನುಂಗಿದ ಮೇಲೆ ರುಚಿ ಎಷ್ಟು ಹೊತ್ತು ನಿಲ್ಲುತ್ತದೆ ಎಂದು ಎಣಿಸಿ.

ಊಟಕ್ಕೆ ಖಾರ ಬೇಡ. ಕೆಂಪು ಖಾರ ಚಟ್ನಿ, ಎಣ್ಣೆಗಾಯಿ ಜೊತೆ ಒಗರು ಕಹಿಯಾಗುತ್ತದೆ, ಮಾಲ್ಪುರಿಯಂಥ ಸಿಹಿಯ ಮುಂದೆ ವೈನ್ ಬರೀ ಹುಳಿ. ಮೆಣಸಿನಕಾಯಿ ಕಡಿಮೆ ಮಾಡಿ ಬೇಯಿಸಿದ ಮಟನ್ ತಹರಿ ಚೆನ್ನಾಗಿ ಹೊಂದುತ್ತದೆ. ಸಸ್ಯಾಹಾರಿಗಳಿಗೆ ತುಪ್ಪದಲ್ಲಿ ಹುರಿದ ಅಣಬೆ, ಹುಣಸೆಹುಳಿ ಹಾಕದ ಗಟ್ಟಿ ತೊಗರಿಬೇಳೆ ತೊವ್ವೆ.

ಹಳೆಯ ವೈನ್ ಮರುದಿನಕ್ಕೆ ಉಳಿಯದು, ಹಾಗಾಗಿ ಒಂದು ಬಾಟಲಿಗೆ ಆರೇಳು ಜನರನ್ನು ಕರೆಯಿರಿ. ತಳದ 40 ಮಿಲಿ ಗಸಿಯನ್ನು ಸೋಸಿ ಮರುದಿನದ ಮಟನ್ ಸಾರು ಕುದಿಯುವಾಗ ಹಾಕಬಹುದು.