ವಿಂಬಲ್ಡನ್ ಮಹಿಳಾ ಸಿಂಗಲ್ಸ್: ಕಪ್ ಯಾರಿಗೆ ಎಂದು ನೀವೇ ಅಂದಾಜು ಹಾಕುವುದು ಹೇಗೆ?

2016ರಿಂದ 2025ರವರೆಗೆ ನಡೆದದ್ದು ಒಂಬತ್ತು ವಿಂಬಲ್ಡನ್ (2020ರದ್ದು ಕೋವಿಡ್‌ನಿಂದಾಗಿ ರದ್ದಾಯಿತು). ಮಹಿಳಾ ಸಿಂಗಲ್ಸ್ ಗೆದ್ದವರೂ ಒಂಬತ್ತು ಮಂದಿ: ಸೆರೆನಾ ವಿಲಿಯಮ್ಸ್, ಮುಗುರುಜಾ, ಕೆರ್ಬರ್, ಹಲೆಪ್, ಬಾರ್ಟಿ, ರಿಬಾಕಿನಾ, ವೊಂಡ್ರುಸೋವಾ, ಕ್ರೆಜಿಕೋವಾ, ಶ್ವಾಂಟೆಕ್. ಇವರಲ್ಲಿ ಅಗ್ರ ಶ್ರೇಯಾಂಕ (ಟೂರ್ನಿಗೆ ಮುಂಚೆ ಬಲಿಷ್ಠರಿಗೆ ಕೊಡುವ ಕ್ರಮಸಂಖ್ಯೆ, ಸೀಡ್) ಹೊತ್ತು ಬಂದು ಗೆದ್ದವರು 2016ರ ಸೆರೆನಾ, 2021ರ ಬಾರ್ಟಿ ಇಬ್ಬರೇ. 2022ರಲ್ಲಿ ರಿಬಾಕಿನಾಗೆ 17ನೇ ಶ್ರೇಯಾಂಕ, 2024ರಲ್ಲಿ ಕ್ರೆಜಿಕೋವಾಗೆ 31ನೇ ಶ್ರೇಯಾಂಕ. 2023ರ ವೊಂಡ್ರುಸೋವಾಗೆ ಶ್ರೇಯಾಂಕವೇ ಇರಲಿಲ್ಲ, ಆಗ ಅವರು ವಿಶ್ವ ರ‍್ಯಾಂಕಿಂಗ್‌ನಲ್ಲಿ 42ನೆಯವರು. ಹಾಗಾಗಿ ರ‍್ಯಾಂಕಿಂಗ್ ಪಟ್ಟಿಯ ಮೊದಲ ಐದು ಹೆಸರು ನಕಲು ಮಾಡಿ ‘ಇವರೇ ಫೇವರಿಟ್’ ಎಂದು ಬರೆದರೆ ಕೆಲಸ ಮುಗಿಯುವುದಿಲ್ಲ. ಹುಲ್ಲಿಗೆ ಬೇರೆಯದೇ ಲೆಕ್ಕ ಬೇಕು. ಒಂದು ನೋಟ್‌ಬುಕ್, ಜೂನ್ ತಿಂಗಳ ಫಲಿತಾಂಶ, ಡ್ರಾ ಹಾಳೆ (ಯಾರಿಗೆ ಯಾರು ಎದುರು ಎಂಬ ಪಟ್ಟಿ) ಇಷ್ಟಿದ್ದರೆ ಸಾಕು.

ಹೆಜ್ಜೆ 1: ಆಟಗಾರ್ತಿಗಿಂತ ಮೊದಲು ನೆಲ

ವಿಂಬಲ್ಡನ್ ಅಂಕಣಗಳಲ್ಲಿ 2001ರಿಂದ ಇರುವುದು ಪೂರ್ತಿ ರೈ ಹುಲ್ಲು. ಪಂದ್ಯದ ದಿನಗಳಲ್ಲಿ ಅದರ ಎತ್ತರ 8 ಮಿಲಿಮೀಟರ್. ಚೆಂಡು ಬಿದ್ದಲ್ಲಿಂದ ಜಾರಿಕೊಂಡು ಮುಂದೆ ಬರುತ್ತದೆ, ಏಳುವುದು ಕಡಿಮೆ. ಮಣ್ಣಿನಂಕಣದಲ್ಲಿ ಭುಜದೆತ್ತರಕ್ಕೆ ಪುಟಿಯುವ ಟಾಪ್‌ಸ್ಪಿನ್ (ಚೆಂಡನ್ನು ಮುಂದಕ್ಕೆ ತಿರುಗಿಸುವ) ಹೊಡೆತ ಇಲ್ಲಿ ಸೊಂಟದ ಬಳಿ ಸಿಗುತ್ತದೆ. ಸ್ಲೈಸ್ (ಚೆಂಡನ್ನು ಹಿಂದಕ್ಕೆ ತಿರುಗಿಸುವ ಹೊಡೆತ) ಆದರೆ ಮೊಣಕಾಲಿನ ಕೆಳಗೇ ಉಳಿಯುತ್ತದೆ.

ಇದರಿಂದ ಏಟು ಬೀಳುವುದು ಯಾರಿಗೆ? ಹಿಡಿಕೆಯನ್ನು ಬಹಳ ತಿರುಗಿಸಿ ಹಿಡಿದು, ರ‍್ಯಾಕೆಟನ್ನು ದೂರಕ್ಕೆ ಒಯ್ದು ಫೋರ್‌ಹ್ಯಾಂಡ್ ಹೊಡೆಯುವವರಿಗೆ. ಅವರಿಗೆ ಬೇಕಾದ ಸಮಯವನ್ನು ಹುಲ್ಲು ಕೊಡುವುದಿಲ್ಲ. ಕೊಕೊ ಗಾಫ್ ಹುಲ್ಲಿನಲ್ಲಿ ಹೆಣಗುವುದಕ್ಕೆ ಇದು ದೊಡ್ಡ ಕಾರಣ. ಲಾಭ ಯಾರಿಗೆ? ಚೆಂಡನ್ನು ಚಪ್ಪಟೆಯಾಗಿ, ಬೇಗ ಹೊಡೆಯುವ ರಿಬಾಕಿನಾ, ಅನಿಸಿಮೋವಾ ಅಂಥವರಿಗೆ. ಬಾರ್ಟಿ, ಕ್ರೆಜಿಕೋವಾ, ಮುಖೋವಾ ತರಹ ಸ್ಲೈಸನ್ನೇ ಆಯುಧ ಮಾಡಿಕೊಂಡವರಿಗೂ ಲಾಭವೇ.

ನೆಲ ಎರಡು ವಾರವೂ ಒಂದೇ ರೀತಿ ಇರುವುದಿಲ್ಲ ಎಂಬುದನ್ನೂ ಗುರುತು ಹಾಕಿಕೊಳ್ಳಿ. ಮೊದಲ ಎರಡು-ಮೂರು ದಿನ ಹುಲ್ಲು ಹಸಿರಾಗಿ, ತೇವವಾಗಿ, ಜಾರುವಂತಿರುತ್ತದೆ. 2021ರ ಮೊದಲ ಸುತ್ತಿನಲ್ಲೇ ಸೆರೆನಾ ಜಾರಿ, ಗಾಯಗೊಂಡು ಪಂದ್ಯ ಬಿಟ್ಟುಕೊಟ್ಟಿದ್ದು ಇಂಥ ನೆಲದಲ್ಲಿ. ಎರಡನೇ ವಾರಕ್ಕೆ ಬೇಸ್‌ಲೈನ್ (ಅಂಕಣದ ಹಿಂದಿನ ಗೆರೆ) ಹತ್ತಿರ ಹುಲ್ಲು ಸವೆದು ಮಣ್ಣು ಕಾಣುತ್ತದೆ, ನೆಲ ಗಟ್ಟಿಯಾಗುತ್ತದೆ, ಚೆಂಡು ಸ್ವಲ್ಪ ಹೆಚ್ಚು ಪುಟಿಯುತ್ತದೆ. ಬೇಸ್‌ಲೈನ್ ಆಟಗಾರ್ತಿಯರು ಮೊದಲ ವಾರ ಹೇಗೋ ದಾಟಿದರೆ ಎರಡನೇ ವಾರ ಅಪಾಯಕಾರಿಯಾಗುವುದು ಇದಕ್ಕೇ.

ಹೆಜ್ಜೆ 2: 128 ಹೆಸರನ್ನು 12ಕ್ಕೆ ಇಳಿಸಿ

ಮೂರು ಪ್ರಶ್ನೆ ಕೇಳಿ. ಹಿಂದಿನ ಮೂರು ವಿಂಬಲ್ಡನ್‌ಗಳಲ್ಲಿ ಒಮ್ಮೆಯಾದರೂ ಹದಿನಾರರ ಘಟ್ಟ ತಲುಪಿದ್ದಾರೆಯೇ? ಈ ಜೂನ್‌ನಲ್ಲಿ ಹುಲ್ಲಿನ ಮೇಲೆ ಮೂರು ಪಂದ್ಯವಾದರೂ ಗೆದ್ದಿದ್ದಾರೆಯೇ? ಹಿಂದೆ ಯಾವುದಾದರೂ ಹುಲ್ಲಿನ ಟೂರ್ನಿಯಲ್ಲಿ ಕಪ್ ಎತ್ತಿದ್ದಾರೆಯೇ? ಮೂರರಲ್ಲಿ ಎರಡಕ್ಕೆ ಹೌದು ಎಂದರೆ ಹೆಸರು ಪಟ್ಟಿಗೆ.

2025ರ ಫೈನಲ್ ಆಡಿದ ಇಬ್ಬರೂ ಈ ಜರಡಿಯಲ್ಲಿ ನಿಲ್ಲುತ್ತಾರೆ. ಶ್ವಾಂಟೆಕ್ 2023ರಲ್ಲಿ ಎಂಟರ ಘಟ್ಟ ತಲುಪಿದ್ದರು, 2025ರ ಜೂನ್‌ನಲ್ಲಿ ಬಾಡ್ ಹೊಂಬರ್ಗ್ ಹುಲ್ಲಿನ ಟೂರ್ನಿಯ ಫೈನಲ್ ಆಡಿದ್ದರು. ಅನಿಸಿಮೋವಾ 2022ರಲ್ಲಿ ಎಂಟರ ಘಟ್ಟ ಕಂಡಿದ್ದರು, 2025ರ ಜೂನ್‌ನಲ್ಲಿ ಕ್ವೀನ್ಸ್ ಕ್ಲಬ್ ಹುಲ್ಲಿನ ಟೂರ್ನಿಯ ಫೈನಲ್‌ನಲ್ಲಿದ್ದರು. ಆದರೆ 2023ರ ವೊಂಡ್ರುಸೋವಾ ಈ ಜರಡಿಯಿಂದ ಉದುರಿಹೋಗುತ್ತಿದ್ದರು, ಅಲ್ಲಿಯತನಕ ವಿಂಬಲ್ಡನ್‌ನಲ್ಲಿ ಅವರು ಎರಡನೇ ಸುತ್ತನ್ನೇ ದಾಟಿರಲಿಲ್ಲ. ಆದ್ದರಿಂದ ಹತ್ತು ಹೆಸರು ಜರಡಿ ಹಿಡಿದು, ಎರಡು ಜಾಗ ಖಾಲಿ ಬಿಡಿ. ಒಂದು ಜಾಗ ಎಡಗೈ ಆಟಗಾರ್ತಿಗಿರಲಿ. ಎಡಗೈಯವರ ಸ್ಲೈಸ್ ಸರ್ವ್ ಹುಲ್ಲಿನಲ್ಲಿ ಎದುರಾಳಿಯನ್ನು ಅಂಕಣದಿಂದಾಚೆ ಎಳೆದೊಯ್ಯುತ್ತದೆ. ನವ್ರಾಟಿಲೋವಾ, ಕ್ವಿಟೋವಾ, ಕೆರ್ಬರ್, ವೊಂಡ್ರುಸೋವಾ ನಾಲ್ವರೂ ಎಡಗೈಯವರೇ.

ಹೆಜ್ಜೆ 3: ಜೂನ್ ಫಲಿತಾಂಶವನ್ನು ಅನುಮಾನದಿಂದಲೇ ಓದಿ

ಫ್ರೆಂಚ್ ಓಪನ್‌ಗೂ ವಿಂಬಲ್ಡನ್‌ಗೂ ನಡುವೆ ಸಿಗುವುದು ಮೂರೇ ವಾರ. 2015ಕ್ಕೆ ಮೊದಲು ಅದೂ ಎರಡೇ ಇತ್ತು. 2025ರ ವೇಳಾಪಟ್ಟಿ ಹೀಗಿತ್ತು: ಮೊದಲ ವಾರ ಲಂಡನ್‌ನ ಕ್ವೀನ್ಸ್ ಕ್ಲಬ್ ಮತ್ತು ನೆದರ್ಲೆಂಡ್ಸ್‌ನ ಸೆರ್ಟೊಗೆನ್‌ಬಾಸ್, ಎರಡನೇ ವಾರ ಬರ್ಲಿನ್ ಮತ್ತು ನಾಟಿಂಗ್‌ಹ್ಯಾಮ್, ಮೂರನೇ ವಾರ ಬಾಡ್ ಹೊಂಬರ್ಗ್ ಮತ್ತು ಈಸ್ಟ್‌ಬೋರ್ನ್.

ಇಲ್ಲಿ ಕಪ್ ಗೆದ್ದವರನ್ನೇ ಫೇವರಿಟ್ ಮಾಡುವುದು ಎಲ್ಲರೂ ಮಾಡುವ ತಪ್ಪು. 2025ರ ಬಾಡ್ ಹೊಂಬರ್ಗ್ ಫೈನಲ್‌ನಲ್ಲಿ ಪೆಗುಲಾ 6–4, 7–5ರಿಂದ ಶ್ವಾಂಟೆಕ್ ಅವರನ್ನು ಸೋಲಿಸಿದರು. ಮುಂದಿನ ವಾರ ಮೂರನೇ ಶ್ರೇಯಾಂಕದ ಪೆಗುಲಾ ಮೊದಲ ಸುತ್ತಿನಲ್ಲೇ ಎಲಿಸಬೆಟ್ಟಾ ಕೊಚಿಯರೆಟ್ಟೊಗೆ 2–6, 3–6ರಿಂದ ಸೋತು ಮನೆಗೆ ಹೋದರು. ಸೋತಿದ್ದ ಶ್ವಾಂಟೆಕ್ ಚಾಂಪಿಯನ್ ಆದರು. ಅದೇ ಜೂನ್‌ನಲ್ಲಿ ಬರ್ಲಿನ್ ಗೆದ್ದ ವೊಂಡ್ರುಸೋವಾ ಎರಡನೇ ಸುತ್ತಿನಲ್ಲಿ ರಡುಕಾನುಗೆ ಶರಣಾದರು. ಈಸ್ಟ್‌ಬೋರ್ನ್ ಮತ್ತು ವಿಂಬಲ್ಡನ್ ಎರಡನ್ನೂ ಒಂದೇ ವರ್ಷ ಗೆದ್ದವರನ್ನು ಹುಡುಕಲು 1998ರ ಯಾನಾ ನೊವೊಟ್ನಾವರೆಗೆ ಹಿಂದೆ ಹೋಗಬೇಕು. ಕೊನೆಯ ವಾರ ಶನಿವಾರದವರೆಗೆ ಆಡಿದವರಿಗೆ ಊರು ಬದಲಿಸಿ, ಹೊಸ ಅಂಕಣಕ್ಕೆ ಒಗ್ಗಿಕೊಳ್ಳಲು ಎರಡು-ಮೂರು ದಿನವೂ ಸಿಗದು.

ಹಾಗಾದರೆ ಏನನ್ನು ಎಣಿಸಬೇಕು? ಕಪ್ ಅಲ್ಲ, ಪಂದ್ಯಗಳನ್ನು. ಹುಲ್ಲಿನ ಮೇಲೆ ಮೂರರಿಂದ ಆರು ಪಂದ್ಯ ಆಡಿ, ಕೊನೆಯ ವಾರ ಒಂದಿಷ್ಟು ಉಸಿರಾಡಿದವರು ಒಳ್ಳೆಯ ಸ್ಥಿತಿಯಲ್ಲಿರುತ್ತಾರೆ. ಒಂದೇ ಪಂದ್ಯ ಆಡಿ ಬಂದವರ ಮೇಲೆ ಪ್ರಶ್ನೆಚಿಹ್ನೆ ಹಾಕಿ. 2025ರಲ್ಲಿ ಗಾಫ್ ಪ್ಯಾರಿಸ್‌ನಲ್ಲಿ (ಫ್ರೆಂಚ್ ಓಪನ್) ಕಪ್ ಎತ್ತಿ, ಬರ್ಲಿನ್‌ನಲ್ಲಿ ಮೊದಲ ಪಂದ್ಯವನ್ನೇ ಸೋತು ಲಂಡನ್‌ಗೆ ಬಂದರು; ಯಾಸ್ತ್ರೆಮ್‌ಸ್ಕಾ ಎದುರು ಮೊದಲ ಸುತ್ತಿನಲ್ಲೇ 6–7, 1–6. ಪ್ಯಾರಿಸ್ ಮತ್ತು ವಿಂಬಲ್ಡನ್ ಎರಡನ್ನೂ ಒಂದೇ ವರ್ಷ ಗೆದ್ದ ಕೊನೆಯ ಮಹಿಳೆ 2015ರ ಸೆರೆನಾ. ಶ್ವಾಂಟೆಕ್ 2025ರಲ್ಲಿ ಪ್ಯಾರಿಸ್ ಸೆಮಿಫೈನಲ್‌ನಲ್ಲೇ ಸೋತದ್ದರಿಂದ ಹುಲ್ಲಿನ ಅಭ್ಯಾಸಕ್ಕೆ ಕೆಲವು ದಿನ ಹೆಚ್ಚೇ ಸಿಕ್ಕವು ಎಂಬುದನ್ನು ಮರೆಯಬೇಡಿ.

ಹೆಜ್ಜೆ 4: ಸರ್ವ್‌ನಲ್ಲಿ ವೇಗ ಬಿಡಿ, ಎರಡನೇ ಸರ್ವ್ ಹಿಡಿಯಿರಿ

ಟಿ.ವಿ. ಪರದೆಯಲ್ಲಿ ಗಂಟೆಗೆ ಇಷ್ಟು ಕಿಲೋಮೀಟರ್ ಎಂದು ಮಿನುಗುವ ಸಂಖ್ಯೆಗೆ ಮರುಳಾಗಬೇಡಿ. ಪ್ರತಿ ಪಂದ್ಯದ ಅಂಕಿಅಂಶದಿಂದ ಮೂರನ್ನು ಬರೆದುಕೊಳ್ಳಿ: ಮೊದಲ ಸರ್ವ್ ಒಳಗೆ ಬಿದ್ದ ಪ್ರಮಾಣ, ಮೊದಲ ಸರ್ವ್‌ನಲ್ಲಿ ಗೆದ್ದ ಪಾಯಿಂಟ್, ಎರಡನೇ ಸರ್ವ್‌ನಲ್ಲಿ (ಮೊದಲನೆಯದು ತಪ್ಪಿದಾಗ ಸಿಗುವ ಮರುಅವಕಾಶ) ಗೆದ್ದ ಪಾಯಿಂಟ್. ಹುಲ್ಲಿಗೆ ಒಪ್ಪುವ ಅಳತೆ ಕ್ರಮವಾಗಿ ಶೇ 60, 70, 50 ಎಂದಿಟ್ಟುಕೊಳ್ಳಿ.

ಲೆಕ್ಕ ಮಾಡಿ ನೋಡಿ. ಒಬ್ಬರ ಮೊದಲ ಸರ್ವ್ ಶೇ 60ರಷ್ಟು ಒಳಗೆ ಬಿದ್ದು, ಅದರಲ್ಲಿ ಶೇ 70 ಪಾಯಿಂಟ್ ಬರುತ್ತದೆ. ಎರಡನೇ ಸರ್ವ್‌ನಲ್ಲಿ ಶೇ 45 ಬರುತ್ತದೆ ಎನ್ನಿ. 42 ಮತ್ತು 18 ಕೂಡಿದರೆ ನೂರು ಪಾಯಿಂಟ್‌ಗೆ 60. ಇಷ್ಟಿದ್ದರೆ ಅವರು ನೂರು ಸರ್ವ್ ಗೇಮ್‌ಗಳಲ್ಲಿ (ತಾವೇ ಸರ್ವ್ ಮಾಡುವ ಗೇಮ್) ಸುಮಾರು 74 ಉಳಿಸಿಕೊಳ್ಳುತ್ತಾರೆ. ಎರಡನೇ ಸರ್ವ್ ಮಾತ್ರ 45ರಿಂದ 55ಕ್ಕೆ ಏರಲಿ, ಮಿಕ್ಕಿದ್ದೆಲ್ಲ ಹಾಗೇ ಇರಲಿ. ಒಟ್ಟು 64 ಪಾಯಿಂಟ್ ಆಗುತ್ತದೆ, ಉಳಿಸಿಕೊಳ್ಳುವ ಗೇಮ್ ಸುಮಾರು 81ಕ್ಕೆ ಜಿಗಿಯುತ್ತದೆ. ಏಸ್ (ಎದುರಾಳಿ ಮುಟ್ಟಲಾಗದ ಸರ್ವ್) ಒಂದೂ ಹೆಚ್ಚು ಹೊಡೆಯದೆ ಏಳು ಗೇಮ್ ಲಾಭ.

ಎರಡನೇ ಸರ್ವ್ ಕೈಕೊಡುವವರಿಗೆ ಇನ್ನೊಂದು ತೊಂದರೆ ಉಂಟು. ಡಬಲ್ ಫಾಲ್ಟ್ (ಎರಡೂ ಸರ್ವ್ ತಪ್ಪಿ ಪಾಯಿಂಟ್ ಹೋಗುವುದು) ಭಯಕ್ಕೆ ವೇಗ ತಗ್ಗಿಸುತ್ತಾರೆ, ಹುಲ್ಲಿನ ಮೇಲೆ ಆ ಚೆಂಡು ಮೇಲೇಳದೆ ಎದುರಾಳಿಗೆ ಸೊಂಟದೆತ್ತರದಲ್ಲಿ ತಾನಾಗಿ ಸಿಗುತ್ತದೆ. 2025ರ ಋತುವಿನಲ್ಲಿ ಟೂರ್‌ನಲ್ಲೇ ಅತಿ ಹೆಚ್ಚು ಡಬಲ್ ಫಾಲ್ಟ್ ಮಾಡಿದವರು ಗಾಫ್. ಅದೇ ಆಗಸ್ಟ್‌ನಲ್ಲಿ ಅವರು ಸರ್ವ್ ತಿದ್ದಿಕೊಳ್ಳಲು, ಹಿಂದೆ ಸಬಲೆಂಕಾಗೆ ನೆರವಾಗಿದ್ದ ತಜ್ಞರನ್ನೇ ಕರೆತಂದದ್ದು ಸುಮ್ಮನೆ ಅಲ್ಲ.

ರಿಟರ್ನ್‌ಗೆ (ಎದುರಾಳಿಯ ಸರ್ವ್ ಮರಳಿಸುವ ಹೊಡೆತಕ್ಕೆ) ಇನ್ನೂ ಹೆಚ್ಚು ಅಂಕ ಕೊಡಿ. ‘ಹುಲ್ಲು ಎಂದರೆ ಸರ್ವ್’ ಎಂಬ ಮಾತು ಮಹಿಳಾ ಟೆನಿಸ್‌ಗೆ ಅರ್ಧ ಮಾತ್ರ ನಿಜ. ಕೆರ್ಬರ್, ಹಲೆಪ್, ಶ್ವಾಂಟೆಕ್ ಗೆದ್ದದ್ದು ಎದುರಾಳಿಯ ಸರ್ವ್ ಮುರಿದೇ, ಅಂದರೆ ಅವರ ಸರ್ವ್ ಗೇಮ್ ಗೆದ್ದೇ. 2019ರ ಫೈನಲ್‌ನಲ್ಲಿ ಹಲೆಪ್ ಮಾಡಿದ ಸ್ವಯಂಕೃತ ತಪ್ಪು ಮೂರೇ ಮೂರು. ಸೆರೆನಾ 56 ನಿಮಿಷದಲ್ಲಿ 2–6, 2–6ರಿಂದ ಸೋತರು. 2025ರ ಫೈನಲ್ ಇದಕ್ಕಿಂತ ಒಂದೇ ನಿಮಿಷ ಹೆಚ್ಚು ನಡೆಯಿತು. ಶ್ವಾಂಟೆಕ್ 6–0, 6–0ರಿಂದ ಗೆದ್ದರು, ಅನಿಸಿಮೋವಾಗೆ ದಕ್ಕಿದ್ದು ಒಟ್ಟು 24 ಪಾಯಿಂಟ್. ವಿಂಬಲ್ಡನ್ ಮಹಿಳಾ ಫೈನಲ್‌ನಲ್ಲಿ ಇಂಥ ಸ್ಕೋರ್ 1911ರ ನಂತರ ಬಂದಿರಲಿಲ್ಲ. ಮೊದಲ ಸರ್ವ್ ಒಳಗೆ ಬೀಳದೆ, ಎರಡನೇ ಸರ್ವ್ ಮೇಲೆ ಎದುರಾಳಿ ಅಂಕಣದೊಳಗೆ ಕಾಲಿಟ್ಟು ನಿಂತರೆ ಏನಾಗುತ್ತದೆ ಎಂದು ನೋಡಲು ಈ ಪಂದ್ಯದ ಮೊದಲ ಸೆಟ್ ಸಾಕು.

ಹೆಜ್ಜೆ 5: ಶುಕ್ರವಾರದ ಡ್ರಾ

ಟೂರ್ನಿಗೆ ಮುಂಚಿನ ಶುಕ್ರವಾರ ಡ್ರಾ ಬರುತ್ತದೆ. 32 ಶ್ರೇಯಾಂಕಿತರು ಮೂರನೇ ಸುತ್ತಿಗೆ ಮೊದಲು ಪರಸ್ಪರ ಎದುರಾಗುವುದಿಲ್ಲ. ಮೊದಲ ಎಂಟು ಶ್ರೇಯಾಂಕದವರಿಗೆ ಮೂರನೇ ಸುತ್ತಿನಲ್ಲಿ 25ರಿಂದ 32ರೊಳಗಿನವರು ಸಿಗುತ್ತಾರೆ. ಹದಿನಾರರ ಘಟ್ಟದಲ್ಲಿ ಮೊದಲ ನಾಲ್ವರಿಗೆ 13ರಿಂದ 16, ಐದರಿಂದ ಎಂಟರವರಿಗೆ 9ರಿಂದ 12. ಎಲ್ಲವೂ ಶ್ರೇಯಾಂಕದ ಪ್ರಕಾರ ನಡೆದರೆ ಎಂಬ ಮಾತು ಇದಕ್ಕೆ ಅಂಟಿಕೊಂಡೇ ಇದೆ. 2025ರಲ್ಲಿ ಎರಡು, ಮೂರು, ಐದು ಮತ್ತು ಒಂಬತ್ತನೇ ಶ್ರೇಯಾಂಕದವರು ಮೊದಲ ಸುತ್ತಿನಲ್ಲೇ ಹೊರಬಿದ್ದರು.

ಆದ್ದರಿಂದ ಡ್ರಾ ಹಾಳೆಯಲ್ಲಿ ಶ್ರೇಯಾಂಕಿತರಿಗಿಂತ ಶ್ರೇಯಾಂಕ ಇಲ್ಲದವರನ್ನು ಕೆಂಪು ಪೆನ್ನಿನಲ್ಲಿ ಗುರುತಿಸಿ: ಮಾಜಿ ಚಾಂಪಿಯನ್, ಗಾಯದಿಂದ ಮರಳಿದವರು, ಹುಲ್ಲಿನಲ್ಲಷ್ಟೇ ಮಿಂಚುವವರು. 2025ರಲ್ಲಿ 37ರ ಹರೆಯದ ತಟ್ಯಾನಾ ಮರಿಯಾ ಬರೀ ಸ್ಲೈಸ್‌ನಿಂದ ಕ್ವೀನ್ಸ್ ಕ್ಲಬ್ ಗೆದ್ದರು. 37ರವರೇ ಆದ ಲಾರಾ ಸೀಗಮುಂಡ್ ವಿಂಬಲ್ಡನ್ ಎಂಟರ ಘಟ್ಟದಲ್ಲಿ ಸಬಲೆಂಕಾರನ್ನು ಮೂರು ಸೆಟ್ ಓಡಿಸಿದರು. ಶ್ರೇಯಾಂಕವಿಲ್ಲದ ಬೆನ್ಸಿಕ್ ಸೆಮಿಫೈನಲ್‌ವರೆಗೂ ಬಂದರು.

ಹೆಜ್ಜೆ 6: ಸಾಧ್ಯತೆಗೆ ಸಂಖ್ಯೆ ಕೊಡಿ

ಕಪ್‌ಗೆ ಏಳು ಪಂದ್ಯ ಗೆಲ್ಲಬೇಕು. ಪ್ರತಿ ಪಂದ್ಯದಲ್ಲೂ ಗೆಲ್ಲುವ ಸಾಧ್ಯತೆ ಶೇ 85 ಇರುವ ಆಟಗಾರ್ತಿಯನ್ನು ಊಹಿಸಿಕೊಳ್ಳಿ. 0.85 ಅನ್ನು ಏಳು ಸಲ ಗುಣಿಸಿದರೆ ಬರುವುದು 0.32. ಶೇ 80 ಆದರೆ 0.21. ಎಷ್ಟೇ ಬಲಾಢ್ಯರಾದರೂ ನಿಮ್ಮ ಪಟ್ಟಿಯಲ್ಲಿ ಒಬ್ಬರಿಗೂ ನೂರಕ್ಕೆ 30ರ ಮೇಲೆ ಕೊಡಬೇಡಿ. ಹನ್ನೆರಡು ಹೆಸರಿಗೆ ಹಂಚಿದ ಮೇಲೆ ನೂರರಲ್ಲಿ ಹತ್ತಾದರೂ ‘ಇತರರು’ ಖಾತೆಗೆ ಉಳಿಯಲಿ.

ಹೆಜ್ಜೆ 7: ಪ್ರತಿ ಹೆಸರಿಗೂ ಎರಡು ಸಾಲು, ಒಂದು ಪ್ರಶ್ನೆ

2025ರವರೆಗಿನ ವಿಂಬಲ್ಡನ್ ದಾಖಲೆ ಹಿಡಿದು ಬರೆದರೆ ಕಾರ್ಡ್ ಹೀಗಿರುತ್ತದೆ. ಹೊಸ ಫಲಿತಾಂಶ ನೀವು ಸೇರಿಸಿಕೊಳ್ಳಿ.

ಸಬಲೆಂಕಾ: 2021, 2023, 2025ರಲ್ಲಿ ಸೆಮಿಫೈನಲ್. ಮೂರೂ ಸೋಲು ಮೂರು ಸೆಟ್‌ಗಳಲ್ಲಿ, ಮೊದಲೆರಡರಲ್ಲಿ ಮೊದಲ ಸೆಟ್ ಗೆದ್ದ ಮೇಲೆ. ಹುಲ್ಲು ಒಗ್ಗಿಲ್ಲ ಎಂದು ಇವರ ಬಗ್ಗೆ ಹೇಳುವುದು ಅನ್ಯಾಯ. ಪ್ರಶ್ನೆ: ಮೂರನೇ ಸೆಟ್‌ನಲ್ಲಿ ತಪ್ಪುಗಳನ್ನು ಹಿಡಿತದಲ್ಲಿಡುತ್ತಾರೆಯೇ?

ಶ್ವಾಂಟೆಕ್: 2018ರ ಬಾಲಕಿಯರ ಚಾಂಪಿಯನ್, 2025ರಲ್ಲಿ ಎಂಟನೇ ಶ್ರೇಯಾಂಕದಿಂದ ಕಪ್, ಕಳೆದುಕೊಂಡದ್ದು ಒಂದೇ ಸೆಟ್. 2024ರಲ್ಲಿ ಪುಟಿಂಟ್ಸೇವಾಗೆ ಮೂರನೇ ಸುತ್ತಿನಲ್ಲಿ ಸೋತಿದ್ದೂ ಇವರೇ. ಪ್ರಶ್ನೆ: ಸೆರೆನಾ 2016ರಲ್ಲಿ ಮಾಡಿದಂತೆ ಕಪ್ ಉಳಿಸಿಕೊಳ್ಳುವುದು ಆಮೇಲೆ 2025ರವರೆಗೆ ಇನ್ಯಾರಿಗೂ ಆಗಿಲ್ಲ, ಇವರಿಗೆ?

ರಿಬಾಕಿನಾ: 2022ರ ಚಾಂಪಿಯನ್, 2024ರ ಸೆಮಿಫೈನಲಿಸ್ಟ್, 2025ರಲ್ಲಿ ಟೂರ್‌ನಲ್ಲೇ ಅತಿ ಹೆಚ್ಚು ಏಸ್. ಕಾಗದದ ಮೇಲೆ ಹುಲ್ಲಿಗೆ ಇವರಷ್ಟು ಹೊಂದುವ ಆಟ ಮತ್ತೊಬ್ಬರದಿಲ್ಲ. ಆದರೂ 2025ರಲ್ಲಿ ಮೂರನೇ ಸುತ್ತಿನಲ್ಲಿ ಕ್ಲಾರಾ ಟೌಸನ್‌ಗೆ ಸೋತರು. ಪ್ರಶ್ನೆ: ಸರ್ವ್ ಕೈಕೊಟ್ಟ ದಿನ ಕಾಲು ಓಡುತ್ತದೆಯೇ?

ಅನಿಸಿಮೋವಾ: 2025ರ ಆ ಫೈನಲ್ ನೋಡಿ ಇವರನ್ನು ತಳ್ಳಿಹಾಕಿದವರು ಎರಡೇ ತಿಂಗಳಲ್ಲಿ ಪೆಚ್ಚಾದರು. ಅಮೆರಿಕ ಓಪನ್ ಎಂಟರ ಘಟ್ಟದಲ್ಲಿ ಅದೇ ಶ್ವಾಂಟೆಕ್ ಅವರನ್ನು 6–4, 6–3ರಿಂದ ಸೋಲಿಸಿ ಫೈನಲ್ ತಲುಪಿದರು. ಪ್ರಶ್ನೆ: ಒತ್ತಡದಲ್ಲಿ ಸರ್ವ್.

ಗಾಫ್: ವಿಂಬಲ್ಡನ್‌ನಲ್ಲಿ ಹದಿನಾರರ ಘಟ್ಟ ದಾಟಿಲ್ಲ. ರ‍್ಯಾಂಕಿಂಗ್ ಎಷ್ಟೇ ಮೇಲಿರಲಿ, ಹುಲ್ಲಿನ ಪಟ್ಟಿಯಲ್ಲಿ ಎರಡನೇ ಸಾಲಿಗೆ ಹಾಕಿ. ಆ ಸಾಲಿನಲ್ಲೇ ಆಂಡ್ರೀವಾ, ಬೆನ್ಸಿಕ್, ಪೆಗುಲಾ, ಪಾವೊಲಿನಿ, ಮುಖೋವಾ ಇರಲಿ.

ಹೆಜ್ಜೆ 8: ಬುಧವಾರ ಬೆಳಿಗ್ಗೆ ತಿದ್ದಿ

ಮೊದಲ ಸುತ್ತು ಮಂಗಳವಾರಕ್ಕೆ ಮುಗಿಯುತ್ತದೆ, ಮಳೆ ಬಂದರೆ ಬುಧವಾರಕ್ಕೆ ಜಾರುತ್ತದೆ. ಚಾವಣಿ ಇರುವುದು ಸೆಂಟರ್ ಕೋರ್ಟ್ ಮತ್ತು ನಂ. 1 ಕೋರ್ಟ್‌ಗೆ ಮಾತ್ರ. ಹೊರಗಿನ ಅಂಕಣದವರು ಎರಡು ದಿನ ಸತತ ಆಡಬೇಕಾಗಬಹುದು, ಚಾವಣಿಯಡಿ ಆಡಿದವರಿಗೆ ಒಂದು ದಿನ ವಿಶ್ರಾಂತಿ ಸಿಗುತ್ತದೆ. ಇದನ್ನೂ ಕಾರ್ಡ್‌ನಲ್ಲಿ ಬರೆಯಿರಿ. ಚಾವಣಿ ಮುಚ್ಚಿದರೆ ಗಾಳಿ ಇಲ್ಲ, ಬಿಸಿಲಿಲ್ಲ, ಚಪ್ಪಟೆ ಹೊಡೆತದವರಿಗೆ ಅನುಕೂಲ.

ಗೆದ್ದವರ ಸ್ಕೋರ್‌ಗಿಂತ ಅವರು ಎದುರಿಸಿದ ಬ್ರೇಕ್ ಪಾಯಿಂಟ್ (ಸೋತರೆ ತಮ್ಮ ಸರ್ವ್ ಗೇಮ್ ಕೈಬಿಡುವ ಪಾಯಿಂಟ್) ಎಣಿಸಿ. 6–3, 6–3 ಗೆದ್ದರೂ ಹತ್ತು ಬ್ರೇಕ್ ಪಾಯಿಂಟ್ ಎದುರಿಸಿದ್ದರೆ ಸಂಖ್ಯೆ ಇಳಿಸಿ. ಮೂರನೇ ಸೆಟ್ 6–6 ಆದರೆ ಈಗ ಹತ್ತು ಪಾಯಿಂಟ್‌ಗಳ ಟೈಬ್ರೇಕ್ (ನಿರ್ಣಾಯಕ ಗೇಮ್). ಅಂಥದ್ದನ್ನು ಗೆದ್ದವರನ್ನು ‘ಗಟ್ಟಿಗಿತ್ತಿ’ ಎಂದು ಮೇಲೇರಿಸುವ ಮೊದಲು, ಅಲ್ಲಿಗೆ ಯಾಕೆ ಹೋಯಿತು ಎಂದು ನೋಡಿ.

ಸಮಯದ ಲೆಕ್ಕ: ಲಂಡನ್ ಬೇಸಿಗೆ ಸಮಯಕ್ಕೆ ನಾಲ್ಕೂವರೆ ಗಂಟೆ ಕೂಡಿಸಿ. ಹೊರ ಅಂಕಣಗಳ ಪಂದ್ಯ ನಮಗೆ ಮಧ್ಯಾಹ್ನ 3.30ಕ್ಕೆ, ನಂ. 1 ಕೋರ್ಟ್ 5.30ಕ್ಕೆ, ಸೆಂಟರ್ ಕೋರ್ಟ್ ಸಂಜೆ 6ಕ್ಕೆ. ಮಹಿಳೆಯರ ಸೆಮಿಫೈನಲ್ ಎರಡನೇ ಗುರುವಾರ, ಫೈನಲ್ ಶನಿವಾರ. 2025ರಲ್ಲಿ ಫೈನಲ್ ಶುರುವಾದದ್ದು ಅಲ್ಲಿನ ಸಂಜೆ 4ಕ್ಕೆ, ನಮ್ಮ ರಾತ್ರಿ 8.30ಕ್ಕೆ.