ವಿಶೇಷ ಆರ್ಥಿಕ ವಲಯಕ್ಕೆ ವಿದೇಶಿ ಬಂಡವಾಳ ತರುವ ಬಗೆ

ತೆರಿಗೆ ರಿಯಾಯಿತಿಯೊಂದನ್ನೇ ಮುಂದಿಟ್ಟುಕೊಂಡು ವಿದೇಶಿ ಹೂಡಿಕೆದಾರರ ಬಳಿಗೆ ಹೋಗುವ ಕಾಲ ಮುಗಿದಿದೆ. ರಫ್ತು ಉತ್ತೇಜನದ ಈ ವಿಶೇಷ ಆರ್ಥಿಕ ವಲಯಗಳಿಗೆಂದೇ (ಎಸ್‌ಇಝಡ್) ಬಂದ 2005ರ ಕಾಯ್ದೆಯ ಆರಂಭದ ವರ್ಷಗಳಲ್ಲಿ ರಫ್ತಿನ ಲಾಭಕ್ಕೆ ಮೊದಲ 5 ವರ್ಷ ಪೂರ್ತಿ, ಮುಂದಿನ 5 ವರ್ಷ ಅರ್ಧದಷ್ಟು ಆದಾಯ ತೆರಿಗೆ ವಿನಾಯಿತಿ ಇತ್ತು. ಆ ಸೌಲಭ್ಯ ಈಗ ಹೊಸ ಘಟಕಗಳಿಗೆ ದೊರೆಯುವುದಿಲ್ಲ. ಯಂತ್ರ ಮತ್ತು ಕಚ್ಚಾ ಸಾಮಗ್ರಿಯ ಸುಂಕರಹಿತ ಆಮದು, ದೇಶದೊಳಗಿನ ಖರೀದಿಗೆ ಜಿಎಸ್‌ಟಿಯ ಶೂನ್ಯ ದರ ಮುಂತಾದವು ಉಳಿದಿವೆಯಾದರೂ ಅವು ದೇಶದ ಎಲ್ಲ ವಲಯಗಳಲ್ಲೂ ಸಿಗುವಂಥವು. ಆದ್ದರಿಂದ ವಲಯ ಕಟ್ಟಲು ಹೊರಟವರು ತಮ್ಮ ಜಾಗದಲ್ಲಿ ಮಾತ್ರ ಆಗುವ ಕೆಲಸ ಯಾವುದು ಎಂಬುದನ್ನು ಮೊದಲು ಗೊತ್ತುಮಾಡಿಕೊಳ್ಳಬೇಕು.

ಬೆಳಗಾವಿ ಜಿಲ್ಲೆಯ ಹತ್ತರಗಿಯಲ್ಲಿರುವ ವಿಮಾನದ ಬಿಡಿಭಾಗ ತಯಾರಿಸುವ ಏಕಸ್ ಸಮೂಹದ ವಲಯವನ್ನು ಇದಕ್ಕೆ ಮಾದರಿಯಾಗಿ ನೋಡಬಹುದು. ವಿಮಾನದ ಒಂದು ಬಿಡಿಭಾಗ ತಯಾರಾಗಬೇಕಾದರೆ ಲೋಹವನ್ನು ಫೋರ್ಜ್ ಮಾಡಬೇಕು (ಒತ್ತಿ ಆಕಾರಕ್ಕೆ ತರಬೇಕು), ಯಂತ್ರದಲ್ಲಿ ಕೊರೆಯಬೇಕು, ಬಳಿಕ ತುಕ್ಕು ಹಿಡಿಯದಂತೆ ಅದರ ಮೇಲ್ಮೈಯನ್ನು ರಾಸಾಯನಿಕವಾಗಿ ಸಂಸ್ಕರಿಸಬೇಕು. ಇವುಗಳಲ್ಲಿ ಒಂದು ಹಂತ ಇಲ್ಲಿ ಇಲ್ಲದಿದ್ದರೂ ಅರ್ಧ ಸಿದ್ಧವಾದ ಭಾಗವನ್ನು ಹೊರದೇಶಕ್ಕೆ ಕಳುಹಿಸಿ ಮತ್ತೆ ತರಿಸಬೇಕಾಗುತ್ತದೆ. ಹತ್ತರಗಿಯಲ್ಲಿ ಫೋರ್ಜಿಂಗ್‌ಗೆ ಫ್ರಾನ್ಸಿನ ಒಬೆರ್ ಎ ದ್ಯುವಾಲ್, ಮೇಲ್ಮೈ ಸಂಸ್ಕರಣೆಗೆ ಕೆನಡಾದ ಮೆಗಲನ್ ಏರೋಸ್ಪೇಸ್ ಜಂಟಿ ಉದ್ಯಮದ ಪಾಲುದಾರರಾಗಿ ಬಂದವು. ಹೂಡಿಕೆದಾರರನ್ನು ಹುಡುಕುವಾಗ ಕೈಗೆ ಸಿಕ್ಕ ಕಂಪನಿಗಳಿಗೆಲ್ಲ ಪತ್ರ ಬರೆಯುವ ಬದಲು, ಇರುವ ಸರಪಳಿಯಲ್ಲಿ ಯಾವ ಕೊಂಡಿ ಕಾಣೆಯಾಗಿದೆಯೋ ಅದನ್ನು ಬಲ್ಲ ನಾಲ್ಕೈದು ಕಂಪನಿಗಳನ್ನು ಮಾತ್ರ ಗುರುತಿಸುವುದು ಲೇಸು.

ಎರಡನೆಯದು ಜಮೀನು, ನನ್ನ ಮಟ್ಟಿಗೆ ಅತಿ ಹೆಚ್ಚು ಸಮಯ ಕೊಡಬೇಕಾದದ್ದು ಇದಕ್ಕೇ. ಎಸ್‌ಇಝಡ್ ನಿಯಮಗಳಿಗೆ 2019ರಲ್ಲಿ ಆದ ಬದಲಾವಣೆಯಿಂದ ವಲಯವೊಂದಕ್ಕೆ ಸಾಮಾನ್ಯವಾಗಿ 50 ಹೆಕ್ಟೇರ್ ಸಾಕು. ಸೆಮಿಕಂಡಕ್ಟರ್ ಮತ್ತು ಎಲೆಕ್ಟ್ರಾನಿಕ್ ಬಿಡಿಭಾಗಗಳ ವಲಯಕ್ಕೆ 2025ರ ಜೂನ್‌ನಿಂದ 10 ಹೆಕ್ಟೇರ್ ಸಾಕು, ಅದರಡಿ ಧಾರವಾಡದ 11.55 ಹೆಕ್ಟೇರಿನ ಪ್ರಸ್ತಾವಕ್ಕೆ ಒಪ್ಪಿಗೆಯೂ ಸಿಕ್ಕಿದೆ. ಆದರೆ ಜಮೀನು ಒಂದೇ ತುಂಡಾಗಿರಬೇಕು. ಪಹಣಿಯಲ್ಲಿ ಎಲ್ಲವೂ ಸರಿಯಾಗಿ ಕಂಡರೂ ಸರ್ವೆ ನಕ್ಷೆಯ ನಡುವೆ ಬಿ ಖರಾಬಿನ (ಸಾರ್ವಜನಿಕ ಬಳಕೆಗೆ ಬಿಟ್ಟ ಸರ್ಕಾರಿ ಜಾಗ) ಒಂದು ಬಂಡಿದಾರಿ ಹಾದುಹೋಗಿದ್ದರೆ ಪ್ರಸ್ತಾವ ಅಲ್ಲಿಯೇ ಸಿಕ್ಕಿಕೊಳ್ಳುತ್ತದೆ. ಆದ್ದರಿಂದ ದೆಹಲಿಗೆ ಅರ್ಜಿ ಹೋಗುವ ಮೊದಲೇ ಆಕಾರಬಂದ್ (ಸರ್ವೆ ನಂಬರಿನ ವಿಸ್ತೀರ್ಣ, ಖರಾಬಿನ ದಾಖಲೆ) ಮತ್ತು ನಕ್ಷೆಯನ್ನು ತಾಳೆ ನೋಡಿಸಿ. ಊರವರ ಒಪ್ಪಿಗೆಯನ್ನು ಕಾಗದಪತ್ರದ ವಿಷಯವೆಂದು ಬಗೆಯಬಾರದು: ಮಂಗಳೂರು ವಲಯದ ಎರಡನೇ ಹಂತಕ್ಕೆ ಗುರುತಿಸಿದ್ದ ಸುಮಾರು 2,035 ಎಕರೆಯನ್ನು ರೈತರ ವಿರೋಧದ ನಂತರ ಸರ್ಕಾರ 2011ರಲ್ಲಿ ಕೈಬಿಡಬೇಕಾಯಿತು.

ವಲಯಕ್ಕೆ ಕೇಂದ್ರದ ಅನುಮೋದನಾ ಮಂಡಳಿಯ ಒಪ್ಪಿಗೆ ಸಿಕ್ಕಿ ಅಧಿಸೂಚನೆಯಾದ ಮೇಲೆ, ಅದರೊಳಗೆ ಬರುವ ಪ್ರತಿ ಕಂಪನಿಯೂ ವಲಯಗಳ ಆಡಳಿತ ನೋಡುವ ಕೇಂದ್ರದ ಅಧಿಕಾರಿಯಾದ ಅಭಿವೃದ್ಧಿ ಆಯುಕ್ತರಿಗೆ ಯೋಜನಾ ವರದಿ ಸಹಿತ ಅರ್ಜಿ ಕೊಟ್ಟು ಅನುಮತಿ ಪತ್ರ ಪಡೆಯಬೇಕು. ಕರ್ನಾಟಕ ಕೊಚ್ಚಿಯ ಆಯುಕ್ತರ ವ್ಯಾಪ್ತಿಗೆ ಬರುತ್ತದೆ.

ಮಾತುಕತೆಯ ಮೊದಲ ದಿನವೇ ಹೇಳಿಬಿಡಬೇಕಾದ ಎರಡು ಸಂಗತಿಗಳಿವೆ. ಉತ್ಪಾದನೆ ಶುರುವಾದಂದಿನಿಂದ 5 ವರ್ಷಗಳ ಒಟ್ಟು ಲೆಕ್ಕದಲ್ಲಿ ಘಟಕದ ವಿದೇಶಿ ವಿನಿಮಯ ಗಳಿಕೆಯು ಖರ್ಚಿಗಿಂತ ಹೆಚ್ಚಿರಬೇಕು. ಇನ್ನೊಂದು, ಅಲ್ಲಿ ತಯಾರಾದ ಸರಕನ್ನು ಭಾರತದೊಳಗೆ ಮಾರಿದರೆ ಅದಕ್ಕೆ ಸಾಮಾನ್ಯವಾಗಿ ಆಮದಾದ ಸರಕಿನಂತೆಯೇ ಸುಂಕ ತೆರಬೇಕು. ಭಾರತದ ಮಾರುಕಟ್ಟೆಯ ಮೇಲೆಯೇ ಕಣ್ಣಿಟ್ಟು ಬಂದ ಕಂಪನಿಗೆ ಇದನ್ನು ತಡವಾಗಿ ಹೇಳಿದರೆ ಅಷ್ಟೂ ಮಾತುಕತೆ ನೀರುಪಾಲಾದಂತೆ. ಅಂಥವರಿಗೆ ವಲಯದ ಹೊರಗಿನ ಸಾಮಾನ್ಯ ಕೈಗಾರಿಕಾ ಪ್ರದೇಶವೇ ಒಳ್ಳೆಯದೆಂದು ತಿಳಿಸುವುದು ಪ್ರಾಮಾಣಿಕತೆ.

ಕೊನೆಯದಾಗಿ ಹಣ. ತಯಾರಿಕಾ ಕ್ಷೇತ್ರದಲ್ಲಿ ಸಾಮಾನ್ಯವಾಗಿ ಶೇ 100ರಷ್ಟು ವಿದೇಶಿ ನೇರ ಹೂಡಿಕೆಗೆ ಸರ್ಕಾರದ ಮುಂಗಡ ಅನುಮತಿ ಬೇಕಿಲ್ಲ. ಹೂಡುವವರು ಭಾರತದೊಂದಿಗೆ ಭೂಗಡಿ ಹೊಂದಿದ ದೇಶದವರಾದರೆ ಅಂಥ ಹೂಡಿಕೆಗೆ ಸರ್ಕಾರದ ಮುಂಗಡ ಅನುಮತಿಯ ಷರತ್ತು ತಂದ 2020ರ ಪ್ರೆಸ್ ನೋಟ್ 3ರ ನಿಯಮಗಳನ್ನು ಮೊದಲೇ ಪರಿಶೀಲಿಸಬೇಕು. ಹಣ ಬಂದ 60 ದಿನಗಳೊಳಗೆ ಷೇರು ಹಂಚಿ, ಹಂಚಿದ 30 ದಿನಗಳೊಳಗೆ ಬ್ಯಾಂಕಿನ ಮೂಲಕ ರಿಸರ್ವ್ ಬ್ಯಾಂಕಿಗೆ ಆ ಷೇರು ಹಂಚಿಕೆಯನ್ನು ವರದಿ ಮಾಡುವ ಎಫ್‌ಸಿ-ಜಿಪಿಆರ್ ನಮೂನೆ ಸಲ್ಲಿಸಬೇಕು. ಈ ಎರಡೂ ದಿನಾಂಕಗಳನ್ನು ಕಂಪನಿ ಕಾರ್ಯದರ್ಶಿಯ ಕ್ಯಾಲೆಂಡರಿನಲ್ಲಿ ಹಣ ಜಮೆಯಾದ ದಿನವೇ ಗುರುತು ಹಾಕಿಸಿ.